ಜಗತ್ತು ಸುತ್ತುವ ಮುಂಚಿನ ಊಟಗಳು

ಸೀರೆ ನೋಡುವ ಕಣ್ಣಿನಿಂದ ಯುನೂಸನನ್ನು ನೋಡಿದರೆ ಮಾಲು ಹೀಗಿದೆ: ಮೈ ತೆಳು, ಬಣ್ಣ ಗಟ್ಟಿ, ಅಂಚು ತುಸು ಸಡಿಲು. ವಯಸ್ಸು ಇಪ್ಪತ್ತೆರಡು. ಚಪ್ಪಲಿ ಸವೆದದ್ದು ಹಿಮ್ಮಡಿಯ ಕಡೆಗೆ, ಅಂದರೆ ನಡೆಯುವ ಮನುಷ್ಯ. ಎದುರಿಗಿದ್ದವರ ಮುಖ ನೋಡಿ ಮಾತಾಡುತ್ತಾನೆ, ಆದರೆ ಆ ಮುಖ ಸ್ವಲ್ಪ ಬಾಡಿದರೂ ತನ್ನ ಮಾತನ್ನು ಮಡಚಿ ಒಳಗಿಟ್ಟುಕೊಳ್ಳುತ್ತಾನೆ. 'ಒಲ್ಲೆ' ಅನ್ನುವ ಶಬ್ದ ಅವನ ದಾಸ್ತಾನಿನಲ್ಲಿ ಇಲ್ಲ. ಇಂಥ ಹುಡುಗ ವ್ಯಾಪಾರಕ್ಕೆ ಕೂತರೆ ಒಂದು ವಾರದಲ್ಲಿ ಅಂಗಡಿ ಮುಚ್ಚಬೇಕಾಗುತ್ತದೆ. ಗಿರಾಕಿಯಾಗಿ ಬಂದರೆ ಮಾತ್ರ ಯಾವ ವ್ಯಾಪಾರಸ್ಥನಿಗೂ ಹಬ್ಬ.

ಅವನ ಮನೆ ಇಳಕಲ್ಲಿನಲ್ಲಿ ನನ್ನ ಸೀರೆ ಅಂಗಡಿ ಇರುವ ಓಣಿಯಲ್ಲೇ. ತಂದೆ ಖಾದರಬಾಷಾ ಹುನಗುಂದದ ಕೋರ್ಟಿನ ಎದುರು ಝೆರಾಕ್ಸ್ ಅಂಗಡಿ ಇಟ್ಟಿದ್ದಾರೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ತಾಯಿ ಸುಗರಾಗೆ ಮಾತು ಕಡಿಮೆ. ಅವಳ ಅತ್ತೆ, ಅಂದರೆ ಯುನೂಸನ ಅಜ್ಜಿ, ರಂಜಾನಬಿ ಇರುವ ಮನೆಯಲ್ಲಿ ಬೇರೆಯವರ ಪಾಲಿಗೆ ಮಾತು ಉಳಿಯುವುದೂ ಇಲ್ಲ. ಯುನೂಸ ಬಿ.ಎ. ಮುಗಿಸಿ ಬಾಗಲಕೋಟೆಯಲ್ಲಿ ಇತಿಹಾಸದ ಎಂ.ಎ.ಗೆ ಸೇರಿದ. ಓದುವ ಆಸೆಯಿಂದಲ್ಲ. ವಿದ್ಯಾರ್ಥಿ ಕಾರ್ಡು ಕೈಯಲ್ಲಿದ್ದರೆ ಹೊರದೇಶದಲ್ಲಿ ಮ್ಯೂಸಿಯಮ್ಮಿಗೆ, ರೈಲಿಗೆ, ಮಲಗುವ ಮಂಚಕ್ಕೆ ಕೂಡ ರಿಯಾಯಿತಿ ಸಿಗುತ್ತದಂತೆ. ಎಂ.ಎ. ಸೇರಿದರೆ ಆ ಕಾರ್ಡು ಇನ್ನೆರಡು ವರ್ಷ ಬಾಳುತ್ತದೆ. ಅವನು ಜಗತ್ತು ಸುತ್ತಿ ಬರಬೇಕೆಂದಿದ್ದ. ಇತಿಹಾಸ ಓದುವುದಕ್ಕೆ ನಾನು ಕೇಳಿದ ಕಾರಣಗಳಲ್ಲಿ ಇದೇ ಹೆಚ್ಚು ಪ್ರಾಮಾಣಿಕವಾದದ್ದು.

ಈ ಹುಚ್ಚು ಹತ್ತಿದ್ದು ಬಾದಾಮಿಯಲ್ಲಿ. ಅಲ್ಲಿಯ ಕೆಂಪು ಬಂಡೆಗಳನ್ನು ಹತ್ತಲಿಕ್ಕೆ ಚಳಿಗಾಲದಲ್ಲಿ ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಬರುತ್ತಾರೆ. ಬಿದ್ದರೆ ಪೆಟ್ಟಾಗಬಾರದೆಂದು ಬಂಡೆಯ ಕೆಳಗೆ ಹಾಸುವ ದಪ್ಪ ಗಾದಿಗಳನ್ನು ಬಾಡಿಗೆಗೆ ಕೊಡುವವರೊಬ್ಬರ ಬಳಿ ಯುನೂಸ ಶನಿವಾರ, ರವಿವಾರ ಕೆಲಸಕ್ಕೆ ಹೋಗುತ್ತಿದ್ದ. ಗಾದಿ ಹೊರುವುದು, ಬಿದ್ದವರನ್ನು ನೋಡಿ ನಗದೆ ಇರುವುದು, ಇಷ್ಟೇ ಕೆಲಸ. ಆ ಮಂದಿಯಿಂದ ಅವನು ಕಲಿತದ್ದು ಜಗತ್ತನ್ನು ಸಸ್ತಾದಲ್ಲಿ ತಿರುಗುವ ವಿದ್ಯೆ. ರಾತ್ರಿ ಬಸ್ಸಿನಲ್ಲಿ ಊರಿಂದೂರಿಗೆ ಹೋದರೆ ಆ ರಾತ್ರಿಯ ಕೋಣೆ ಬಾಡಿಗೆ ಉಳಿಯಿತು. ಪ್ರವಾಸಿಗಳು ಇಳಿದುಕೊಳ್ಳುವ ಹಾಸ್ಟೆಲಿನಲ್ಲಿ ಮುಂಜಾನೆ ಪಾತ್ರೆ ತೊಳೆದುಕೊಟ್ಟರೆ ಮಂಚ ಪುಕ್ಕಟೆ. ವೀಸಾ ಕೇಳದ ದೇಶಗಳನ್ನೇ ಒಂದಕ್ಕೊಂದು ಹೊಂದಿಸಿಕೊಂಡು ಪೂರ್ವಕ್ಕೆ ಹೊರಟು ಪಶ್ಚಿಮದಿಂದ ಮನೆಗೆ ಬರಬೇಕು. ನಡುವೆ ಒಂದು ದೊಡ್ಡ ಸಮುದ್ರ ಇದೆ, ಅದನ್ನು ದಾಟಲು ಮಾತ್ರ ಸಸ್ತಾ ದಾರಿ ಇನ್ನೂ ಸಿಕ್ಕಿಲ್ಲ ಎಂದು ಅವನು ನನಗೆ ಹೇಳುವಾಗ, ಮನೆ ಕಟ್ಟಿದವನು ಒಂದು ಕಿಟಕಿ ಬಾಕಿ ಇದೆ ಅನ್ನುವ ಹಾಗೆ ಹೇಳಿದ್ದ.

ಸಂಜೆ ಹೊತ್ತು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಿದ್ದ. ನನ್ನ ಮೇಲಿನ ಪ್ರೀತಿಗಿಂತ ಅಂಗಡಿಯ ವೈಫೈ ಮೇಲೆ ಪ್ರೀತಿ. ಊಟದ ಖರ್ಚಿಗೆ ಏನು ಮಾಡುತ್ತೀಯೋ ಎಂದು ಕೇಳಿದರೆ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಒಯ್ಯುತ್ತೇನೆ, ತಿಂಗಳುಗಟ್ಟಲೆ ಕೆಡುವುದಿಲ್ಲ ಎಂದ. ವಿಮಾನದಲ್ಲಿ ಕೈಚೀಲಕ್ಕೆ ಏಳು ಕಿಲೋ ಮಾತ್ರ ಬಿಡುತ್ತಾರಂತೆ. ರೊಟ್ಟಿ ಹಗುರ, ಚಟ್ನಿ ಭಾರ, ಆದ್ದರಿಂದ ಬಟ್ಟೆ ಎರಡೇ ಜೊತೆ ಎಂದು ತೀರ್ಮಾನಿಸಿದ್ದ. ಅವನ ಲೆಕ್ಕದಲ್ಲಿ ನನಗೆ ಕಂಡ ತಪ್ಪು ಒಂದೇ, ಬಂಡವಾಳ ಇರಲಿಲ್ಲ. ಅದಕ್ಕೂ ಅವನ ಬಳಿ ಉತ್ತರ ಇತ್ತು. ಎರಡು ಚಳಿಗಾಲ ಗಾದಿ ಹೊತ್ತರೆ ಟಿಕೆಟ್ಟಿನ ದುಡ್ಡು ಕೂಡುತ್ತದೆ, ಆಮೇಲೆ ಹೊರಡುವುದು. ಅಂದರೆ ಪಾಸ್‌ಪೋರ್ಟು ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಮುಂದಿನ ಮಾತು.

ಈ ಲೆಕ್ಕ ಕೆಟ್ಟದ್ದು ದಸರೆಯ ರಜೆಯಲ್ಲಿ. ಮನೆಯ ಪಡಸಾಲೆಯಲ್ಲಿ ಕೂತು ಮೊಬೈಲಿನಲ್ಲಿ ವಿಮಾನದ ದರ ನೋಡುತ್ತಿದ್ದ. ಹೊರಡುವ ತಾರೀಖು ಹಾಕದಿದ್ದರೆ ಅದು ದರ ತೋರಿಸುವುದಿಲ್ಲ. ತೋಚಿದ್ದು ಹಾಕೋಣವೆಂದು ದೀಪಾವಳಿ ಮುಗಿದ ಮೇಲಿನ ರವಿವಾರವನ್ನು ಹಾಕಿದ. ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ರಂಜಾನಬಿ, ಯಾವತ್ತು ಎಂದು ಕೇಳಿದರು. ಅವನು ಓದಿ ಹೇಳಿದ.

ಆ ಮನೆಯಿಂದ ಸಮುದ್ರ ದಾಟಿದವರು ಅಲ್ಲಿಯ ತನಕ ರಂಜಾನಬಿ ಒಬ್ಬರೇ. ಕೆಲವು ವರ್ಷಗಳ ಹಿಂದೆ ಹಜ್‌ಗೆ ಹೋಗಿದ್ದರು. ಆಗ ಓಣಿಯ ಪದ್ಧತಿಯಂತೆ ತಾರೀಖು ಗೊತ್ತಾದ ಮೇಲೆ ಪ್ರತಿಯೊಂದು ಮನೆಯವರೂ ಅವರನ್ನು ಊಟಕ್ಕೆ ಕರೆದಿದ್ದರು, ನಾವೂ ಕರೆದಿದ್ದೆವು. ಅವರು ಉಂಡು, ತಮ್ಮಿಂದ ಏನಾದರೂ ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರೆಂದು ಕೇಳಿಕೊಂಡು, ಕಟ್ಟಿಕೊಟ್ಟ ಬುತ್ತಿ ಹಿಡಿದು ಹೋಗಿದ್ದರು. ಸಮುದ್ರದ ಆಚೆ ಹೋಗುವವರನ್ನು ಕಳಿಸುವ ರೀತಿ ಅವರಿಗೆ ಗೊತ್ತಿದ್ದದ್ದು ಇದೊಂದೇ. ಯುನೂಸ, ಇದು ಸುಮ್ಮನೆ ಹಾಕಿದ ತಾರೀಖು ಎಂದನಂತೆ. ಸುಮ್ಮನೆ ಯಾರಾದರೂ ತಾರೀಖು ಹಾಕುತ್ತಾರೇನೋ ಎಂದು ಅವರು ಎದ್ದು ಚಪ್ಪಲಿ ಮೆಟ್ಟಿದರು. ಕತ್ತಲಾಗುವುದರೊಳಗೆ ಓಣಿಗೆಲ್ಲ ತಿಳಿಯಿತು.

ಮೊದಲ ಊಟ ಎದುರು ಮನೆಯ ಪದ್ಮವ್ವನದು. ಮೊಣಕಾಲು ನೋವಿನ ಮುದುಕಿ, ಕೂತರೆ ಏಳಲಿಕ್ಕೆ ಗೋಡೆ ಬೇಕು. ಖರೇ ಸಂಗತಿ ಹೇಳಿಬಿಡಬೇಕೆಂದೇ ಯುನೂಸ ಅವರ ಮನೆಗೆ ಹೋದ. ಹೋದಾಗ ಹೆಂಚಿನ ಮೇಲೆ ಶೇಂಗಾ ಹೋಳಿಗೆ ಬೇಯುತ್ತಿತ್ತು. ಆ ಹುಡುಗನ ಗುಣ ಮೊದಲೇ ಹೇಳಿದ್ದೇನೆ, ಕೂತು ಉಂಡ. ಒಂದು ಮನೆಯಲ್ಲಿ ಉಂಡ ಮೇಲೆ ಇನ್ನೊಂದು ಮನೆಗೆ ಬರುವುದಿಲ್ಲ ಅನ್ನುವಂತಿಲ್ಲ, ಅಂದರೆ ಅದು ಆ ಮನೆಗೆ ಅವಮಾನ. ನೂಲಿಗೆ ಬಣ್ಣ ಹಾಕುವ ನೀಲಪ್ಪನ ಮನೆಯಲ್ಲಿ ಎಣ್ಣೆಗಾಯಿ, ಅಮೀನಬಿಯ ಮನೆಯಲ್ಲಿ ಬಿರ್ಯಾನಿ, ನಮ್ಮ ಮನೆಯಲ್ಲಿ ಮಾದಲಿ. ಅವನು ದಿನದಿಂದ ದಿನಕ್ಕೆ ದಪ್ಪವಾಗುವ ಬದಲು ಇಳಿಯುತ್ತ ಹೋದ. ಪ್ರವಾಸದ ಚಿಂತೆ ಎಂದು ನನ್ನ ಹೆಂಡತಿ ಇನ್ನೊಂದು ಸೌಟು ಮಾದಲಿ ಬಡಿಸಿದಳು.

ಟಿಕೆಟ್ಟಿನ ದುಡ್ಡು ಇಷ್ಟು ಬೇಗ ಎಲ್ಲಿಂದ ಕೂಡಿತು ಎಂದು ಕೇಳುವ ಬದಲು ನಾನು ಊಟದ ಜೊತೆ ಒಂದು ಸೀರೆಯನ್ನೂ ಕೊಟ್ಟೆ, ಹಸಿರು ಒಡಲು, ಕೆಂಪು ಸೆರಗು. ಉಡಲಿಕ್ಕಲ್ಲ. ಯಾವ ಊರಲ್ಲಿ ದೊಡ್ಡ ಮೂರ್ತಿಯೋ ಗೋಪುರವೋ ಕಂಡರೆ ಅದರ ಎದುರು ಸೆರಗು ಹರಡಿ ಒಂದು ಫೋಟೋ ಕಳಿಸು ಎಂದೆ. ಅವನು ಬಸ್ ಹತ್ತುವ ಮೊದಲೇ, ನಮ್ಮ ಅಂಗಡಿಯ ಸೀರೆ ವಿಶ್ವಪ್ರವಾಸಕ್ಕೆ ಹೊರಟಿದೆ ಎಂದು ಸ್ಟೇಟಸ್ ಹಾಕಿದ್ದೆ.

ಆ ರವಿವಾರ ಬಸ್ ಸ್ಟ್ಯಾಂಡಿನಲ್ಲಿ ಓಣಿಗೆ ಓಣಿಯೇ ಸೇರಿತ್ತು. ಖಾದರಬಾಷಾ ಅಲ್ಲಿ ಪೇಡೆ ಹಂಚಿದರು, ಮರುದಿನ ಕೋರ್ಟಿನ ವಕೀಲರಿಗೂ ಹಂಚಿದರು. ರಂಜಾನಬಿ ಪ್ರಯಾಣದ ರಕ್ಷೆಗೆಂದು ಮೊಮ್ಮಗನ ತೋಳಿಗೆ ಕಾಸು ಕಟ್ಟಿ, ಬಸ್ ಬಾಗಲಕೋಟೆಯ ಕಡೆ ತಿರುಗುವ ತನಕ ನಿಂತಿದ್ದು, ಆಮೇಲೆ ಎಲ್ಲರಿಗಿಂತ ಮುಂದೆ ನಡೆದುಕೊಂಡು ಮನೆಗೆ ಬಂದರು.

ಮುಂದೆ ಅವನ ಫೋಟೋ ಒಂದೂ ಬರಲಿಲ್ಲ. ನೆಟ್‌ವರ್ಕ್ ಇರಲಿಕ್ಕಿಲ್ಲ ಎಂದುಕೊಂಡೆ. ಅಜ್ಜಿಗೆ ಮಾತ್ರ ಫೋನ್ ಬರುತ್ತಿತ್ತು. ಅಲ್ಲಿ ಬಿಸಿಲು ಜೋರಂತೆ, ಮಂಗಗಳ ಕಾಟವಂತೆ, ಕಲ್ಲಿನ ಗುಡಿಗಳಿವೆಯಂತೆ ಎಂದು ಅವರು ಓಣಿಗೆ ಸುದ್ದಿ ಹೇಳುತ್ತಿದ್ದರು. ಸೀರೆ ಎಲ್ಲಿಗೆ ಬಂತು ಎಂದು ಕೇಳಿದ ಗಿರಾಕಿಗಳಿಗೆ ನಾನು ಮಂಗ ಮತ್ತು ಗುಡಿಗಳನ್ನು ಕೂಡಿಸಿ ಇಂಡೋನೇಷ್ಯಾ ಎಂದು ಹೇಳಿದೆ.

ನವೆಂಬರ್ ಕೊನೆಗೆ ಗಿರಾಕಿಯೊಬ್ಬರಿಗೆ ಸೀರೆ ಕೊಡಲೆಂದು ನನ್ನ ಗಾಡಿಯಲ್ಲಿ ಬಾದಾಮಿಗೆ ಹೋದೆ. ಅಗಸ್ತ್ಯತೀರ್ಥದ ಆಚೆ ಬಂಡೆಗಳ ಕಡೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಹಾಸಿಗೆ ಎರಡು ಕಾಲಿನ ಮೇಲೆ ನಡೆದು ಬರುತ್ತಿತ್ತು. ಹತ್ತಿರ ಬಂದಾಗ ಹಾಸಿಗೆಯ ಕೆಳಗೆ ಯುನೂಸ ಕಂಡ. ನಿಂತುಬಿಟ್ಟ. ಓಡಿಹೋಗಲಿಕ್ಕೆ ಬೆನ್ನ ಮೇಲಿನ ಗಾದಿ ಬಿಡಲಿಲ್ಲ.

"ಇದ್ಯಾವ ದೇಶಲೇ?" ಎಂದೆ.

"ಬೈಬ್ಯಾಡ್ರಿ ಸಾವಕಾರ್ರ," ಎಂದ.

ಗಾದಿಯನ್ನು ಬಂಡೆಯ ನೆರಳಿನಲ್ಲಿ ಇಳಿಸಿ ಎಲ್ಲವನ್ನೂ ಹೇಳಿದ. ಬಾಗಲಕೋಟೆಯಲ್ಲಿ ಇಳಿದು ರೈಲು ಹತ್ತಿ ಬಾದಾಮಿಗೆ ಬಂದಿದ್ದ, ಅವತ್ತಿನಿಂದ ಇಲ್ಲೇ ಗಾದಿ ಬಾಡಿಗೆಯವರ ಹಿಂದಿನ ಕೋಣೆಯಲ್ಲಿದ್ದ. ಕಾಲೇಜಿಗೂ ಹೋಗಿರಲಿಲ್ಲ, ಅಲ್ಲಿ ಇಳಕಲ್ಲಿನ ಹುಡುಗರು ಇದ್ದರು. ಎರಡು ಚಳಿಗಾಲದ ಕೆಲಸವನ್ನು ಒಂದರಲ್ಲೇ ಮುಗಿಸಿ ನಿಜವಾಗಿಯೇ ಹೊರಟರೆ, ಉಂಡದ್ದು ಸುಳ್ಳಾಗುವುದಿಲ್ಲ ಎಂದು ಹಗಲೂ ಸಂಜೆಯೂ ಹೊರುತ್ತಿದ್ದ. ಆ ದೊಡ್ಡ ಸಮುದ್ರದ ದರ ನೋಡಿದ ಮೇಲೆ ಅದು ಆಗದ ಮಾತು ಎಂದು ತಿಳಿದಿತ್ತು.

ಅಜ್ಜಿಗೆ ಸುಳ್ಳು ಹೇಳಲಿಕ್ಕೆ ನಾಚಿಕೆ ಆಗಲಿಲ್ಲವೇ ಎಂದು ಕೇಳಿದೆ.

"ಸುಳ್ಳು ಒಂದೂ ಹೇಳಿಲ್ರಿ. ಬಿಸಲೈತಿ ಅಂದೆ, ಐತಿ. ಮಂಗ್ಯಾ ಅದಾವ ಅಂದೆ, ನೋಡ್ರಿ, ಅಲ್ಲೇ ಕುಂತಾವ." ನಗಲು ಹೋದವನು ನಗಲಿಲ್ಲ. "ಫೋನ್ ಇಟ್ಟಮ್ಯಾಲ ಭಾಳ ಹೊತ್ತು ಯಾರ್ ಜೋಡಿನೂ ಮಾತಾಡಾಕ ಆಗೂದಿಲ್ರಿ."

ಓಣಿಯವರು ಕೊಟ್ಟದ್ದೆಲ್ಲ ಕೋಣೆಯಲ್ಲಿ ಮಂಚದ ಕೆಳಗೆ ಇಟ್ಟಿದ್ದ. ಕರೆದುಕೊಂಡು ಹೋಗಿ ತೋರಿಸಿದ. ನೀಲಪ್ಪನ ಮಫ್ಲರು, ಅಮೀನಬಿ ಕೊಟ್ಟ ಬೀಗ, ನನ್ನ ಸೀರೆ ಮಡಿಕೆ ಬಿಚ್ಚದೆ. ಪದ್ಮವ್ವ ಕಟ್ಟಿದ ಹೋಳಿಗೆಯ ಡಬ್ಬಿ ಖಾಲಿ ಇತ್ತು. ಅವನು ತಿಂದಿರಲಿಲ್ಲ. ಕೆಡಿಸಬಾರದೆಂದು ಬಂಡೆ ಹತ್ತುವವರಿಗೆ ಹಂಚಿದ್ದ.

ನಾನು ಸ್ವಲ್ಪ ಯೋಚಿಸಿ ಸಲಹೆ ಕೊಟ್ಟೆ. ನನ್ನ ಮಟ್ಟಿಗೆ ಅದು ಪಕ್ಕಾ ಸಲಹೆ. ಇನ್ನೆರಡು ತಿಂಗಳು ಇಲ್ಲೇ ಇರು, ಫೋಟೋಗಳ ವ್ಯವಸ್ಥೆ ನಾನು ಮಾಡಿಸುತ್ತೇನೆ, ಸೀರೆಯ ಹಿಂದೆ ಯಾವ ಗೋಪುರ ಬೇಕಾದರೂ ಕೂಡಿಸುವ ಹುಡುಗರು ಇದ್ದಾರೆ. ಆಮೇಲೆ ಆರಾಮ ತಪ್ಪಿತು, ಅರ್ಧಕ್ಕೆ ತಿರುಗಿ ಬಂದೆ ಎಂದು ಊರಿಗೆ ಬಾ. ಉಣಿಸಿದವರಿಗೆ ಸಂತೋಷ, ಅಜ್ಜಿಗೆ ಮರ್ಯಾದೆ, ಯಾರಿಗೂ ನಷ್ಟ ಇಲ್ಲ. ನನ್ನ ಸ್ಟೇಟಸ್ಸಿನ ಮಾತನ್ನು ಮಾತ್ರ ಆಡಲಿಲ್ಲ.

ಯುನೂಸ ನೆಲ ನೋಡುತ್ತ ಕೇಳಿಸಿಕೊಂಡ. ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಹುಡುಗ, ಇದಕ್ಕೂ ಆಡಿಸುತ್ತಾನೆ ಎಂದೇ ನನ್ನ ಅಂದಾಜು.

"ಹಂಗ ಮಾಡಿದ್ರ ಅವರ ಮನೀ ಊಟ ಕದ್ದಂಗ ಆಗ್ತೈತ್ರಿ ಸಾವಕಾರ್ರ," ಎಂದ. "ಈಗ ಬರೇ ಉಂಡೀನಿ."

ಆಮೇಲೆ, ನಿಮ್ಮ ಗಾಡಿಯಲ್ಲಿ ಇಳಕಲ್ಲಿಗೆ ಜಾಗ ಇದೆಯೇ ಎಂದು ಕೇಳಿದ.

ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ತುಟಿ ಅಲುಗಾಡುತ್ತಿತ್ತು. ಯಾರ ಮನೆಯಲ್ಲಿ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಳ್ಳುತ್ತಿದ್ದ ಎಂದು ಕಾಣುತ್ತದೆ, ಪಟ್ಟದಕಲ್ಲು ದಾಟುವಾಗ ಎರಡು ಸಲ 'ತಪ್ಪಾತ್ರಿ' ಅನ್ನುವುದು ಕೇಳಿಸಿತು. ಗುಡೂರಿನಲ್ಲಿ ಚಹಾಕ್ಕೆ ನಿಲ್ಲಿಸಿದೆ. ಅಲ್ಲಿ ನಾನು ಬೆಲೆ ಇಳಿಸಿ ನೋಡಿದೆ: ಎರಡು ತಿಂಗಳು ಬೇಡ, ಪಾಸ್‌ಪೋರ್ಟಿನಲ್ಲಿ ತೊಂದರೆ ಆಗಿ ವಾಪಸು ಕಳಿಸಿದರು ಎಂದು ಒಂದೇ ಮಾತು ಹೇಳಿಬಿಡು, ಮುಗಿಯಿತು. ಅವನು ಬಸಿಯಲ್ಲಿ ಉಳಿದ ಚಹಾ ಕುಡಿದು, ಕಪ್ಪನ್ನು ಅಂಗಡಿಯವನಿಗೆ ಕೊಟ್ಟು ಬಂದು ಗಾಡಿಯಲ್ಲಿ ಕೂತ.

ರಂಜಾನಬಿ ಬಾಗಿಲಲ್ಲೇ ಇದ್ದರು. ಮೊಮ್ಮಗನನ್ನು ನೋಡಿ ಅವರ ಮುಖ ಮೊದಲು ಅರಳಿತು, ಆಮೇಲೆ ನನ್ನನ್ನು ನೋಡಿ ಅನುಮಾನಿಸಿತು. ಯುನೂಸ ಚೀಲ ಕೆಳಗಿಡದೆ, ಅಂಗಳದಲ್ಲಿ ನಿಂತೇ ಹೇಳಿದ. ಹೋಗಿರಲಿಲ್ಲ, ಬಾದಾಮಿಯಲ್ಲಿದ್ದೆ, ತಾರೀಖು ಖರೇ ಅಲ್ಲ ಎಂದು ಅವತ್ತೇ ಜೋರಾಗಿ ಹೇಳಬೇಕಾಗಿತ್ತು, ಹೇಳಲಿಲ್ಲ. ಒಳಗಿಂದ ಸುಗರಾ ಬಂದು ಕದದ ಹಿಂದೆ ನಿಂತರು. ಮನೆಯಲ್ಲಿ ಉರ್ದು ಆಡುವ ರಂಜಾನಬಿ ನಾನೂ ಕೇಳಲಿ ಎಂದೋ ಏನೋ ಕನ್ನಡದಲ್ಲೇ ಕೇಳಿದರು.

"ಮೊದಲ ಯಾರ ಮನ್ಯಾಗ ಉಂಡಿ?"

"ಪದ್ಮವ್ವಜ್ಜಿ ಮನ್ಯಾಗ."

"ಹಂಗಾದ್ರ ಮೊದಲ ಅಲ್ಲಿ ಹೇಳಿ ಬಾ. ಆಮ್ಯಾಲ ಈ ಹೊಸ್ತಿಲಾ ದಾಟು."

ಎದುರು ಮನೆಗೆ ಹತ್ತು ಹೆಜ್ಜೆ ಇರಲಿಕ್ಕಿಲ್ಲ. ಆ ಹುಡುಗ ಅಷ್ಟು ದೂರ ನಡೆದದ್ದನ್ನು ನಾನು ನೋಡಿದ್ದೇನೆ, ಜಗತ್ತು ಸುತ್ತುವವರು ಕೂಡ ಅಷ್ಟು ದಣಿಯಲಿಕ್ಕಿಲ್ಲ. ಪದ್ಮವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ಅವನು ಹೇಳಿದ್ದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಮೊಣಕಾಲು ತಿಕ್ಕಿಕೊಂಡರು.

"ಹೋಳಿಗಿ ಕೆಟ್ವೇನು?"

"ಇಲ್ಲಜ್ಜಿ. ಬ್ಯಾರೆ ದೇಶದವರು ತಿಂದ್ರು."

"ಏನಂದ್ರು?"

"ಇನ್ನಾ ಅದಾವೇನು ಅಂದ್ರು."

"ನೀ ತಿಂದೇನು?"

ಯುನೂಸ ಇಲ್ಲವೆಂದು ತಲೆಯಾಡಿಸಿದ. ಮುದುಕಿಯ ಮುಖ ಆಗ ಮೊದಲ ಸಲ ಬಿಗಿಯಿತು. ಹೋಗದೆ ಇದ್ದದ್ದಕ್ಕಲ್ಲ, ತಿನ್ನದೆ ಇದ್ದದ್ದಕ್ಕೆ. ಆಮೇಲೆ ಹೇಳಿದರು:

"ನೋಡಪಾ, ನೀ ಖರೇನ ಹೋಗೂ ಮುಂದ ನಾ ಮತ್ತ ಮಾಡೂದಿಲ್ಲ. ನನ್ನ ಕಡೀದು ಮುಗದೈತಿ. ನಿಂದು ಹೋಗೂದಷ್ಟ ಉಳದೈತಿ."

ಮರುದಿನದಿಂದ ಉಳಿದ ಮನೆಗಳು. ರಂಜಾನಬಿ ತಾವೇ ಅವನ ಜೊತೆ ಹೊರಟರು. ತಾರೀಖು ಸಾರಿದವಳು ನಾನು, ಅರ್ಧ ತಪ್ಪು ನನ್ನದು ಎಂದು ಪ್ರತಿ ಮನೆಯಲ್ಲೂ ಮೊದಲು ತಮ್ಮ ಪಾಲನ್ನು ಇಳಿಸಿ, ಆಮೇಲೆ ಮೊಮ್ಮಗನಿಗೆ ಮಾತಾಡಲು ಬಿಟ್ಟರು. ಎಲ್ಲರೂ ಪದ್ಮವ್ವನಂತೆ ಇರಲಿಲ್ಲ. ನೀಲಪ್ಪ ನಕ್ಕು, ಮಫ್ಲರು ವಾಪಸು ಬೇಡ, ಆದರೆ ಹಾಸ್ಟೆಲಿನಲ್ಲಿ ತೊಳೆಯಬೇಕೆಂದಿದ್ದ ಪಾತ್ರೆಗಳನ್ನು ನಮ್ಮ ಮನೆಯಲ್ಲಿ ತೊಳೆ ಎಂದ. ನೀಲಪ್ಪನ ಹೆಂಡತಿ ಲಗಮವ್ವ ಮಾತ್ರ ಒಳಗೆ ಎದ್ದು ಹೋದರು. ಆ ಎಣ್ಣೆಗಾಯಿಗೆಂದು ಅವರು ತವರಿನಿಂದ ಬದನೆಕಾಯಿ ತರಿಸಿದ್ದರಂತೆ. ಜಗತ್ತು ಇಷ್ಟು ಲಗೂ ಮುಗಿಯುತ್ತದೆಂದು ತಿಳಿದಿರಲಿಲ್ಲ ಎಂದು ಅಮೀನಬಿ ರಂಜಾನಬಿಗೆ ಅಂದರು. ಬೇರೆ ದಿನ ಆಗಿದ್ದರೆ ಅದಕ್ಕೆ ಎರಡು ಉತ್ತರ ಬರುತ್ತಿದ್ದವು. ಅವತ್ತು ರಂಜಾನಬಿ ತಲೆ ತಗ್ಗಿಸಿ ಕೇಳಿಸಿಕೊಂಡರು. ಹುನಗುಂದದಲ್ಲಿ ಪೇಡೆ ತಿಂದ ವಕೀಲರು ಕೇಳುತ್ತಾರೆಂದು ಖಾದರಬಾಷಾ ಒಂದು ದಿನ ಅಂಗಡಿ ತೆರೆಯಲಿಲ್ಲ. ನಮ್ಮ ಮನೆಗೆ ಬಂದಾಗ ಯುನೂಸ ಸೀರೆಯನ್ನು ಮಡಿಕೆ ಬಿಚ್ಚದೆ ನನ್ನ ಹೆಂಡತಿಯ ಕೈಗೆ ಕೊಟ್ಟ. ನಾನು ಸ್ಟೇಟಸ್ ತೆಗೆದೆ. ಯಾಕೆ ತೆಗೆದೆ ಎಂದು ಯಾರೂ ಕೇಳಲಿಲ್ಲ.

ಈಗ ಅವನು ವಾರವೆಲ್ಲ ಬಾಗಲಕೋಟೆಯಲ್ಲಿ ಕಾಲೇಜಿಗೆ ಹೋಗುತ್ತಾನೆ, ಶನಿವಾರ ರವಿವಾರ ಬಾದಾಮಿಯಲ್ಲಿ ಗಾದಿ ಹೊರುತ್ತಾನೆ, ರಜೆ ಬಂದರೆ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ದೇಶಗಳನ್ನು ಹೊಂದಿಸುತ್ತಾನೆ. ದೊಡ್ಡ ಸಮುದ್ರ ಹಾಗೇ ಇದೆ. ಓಣಿಯವರು ಆಗಾಗ ಯಾವಾಗ ಹೊರಡುತ್ತೀ ಎಂದು ಕೇಳಿ ಕಾಡುತ್ತಾರೆ. ಅವನು ಗೊತ್ತಿಲ್ಲ ಅನ್ನುತ್ತಾನೆ. ಅಷ್ಟನ್ನು ಹೇಳಲಿಕ್ಕೆ ಕಲಿತಿದ್ದಾನೆ. ಆದರೂ ಯಾರಾದರೂ ಊಟಕ್ಕೆ ಕರೆದರೆ ಅವನ ಮುಖ ಇಂದಿಗೂ ಸಣ್ಣದಾಗುತ್ತದೆ, ತಟ್ಟೆಯ ಎದುರು ತುಸು ಹೊತ್ತು ಸುಮ್ಮನೆ ಕೂತು ಆಮೇಲೆ ಕೈ ಹಾಕುತ್ತಾನೆ.

ಬಾದಾಮಿಯಲ್ಲಿ ಯಾರು ನೋಡಿದರು, ಹೇಗೆ ಬಂದೆ ಎಂದು ಮನೆಮನೆಯಲ್ಲೂ ಕೇಳಿದ್ದರು. ಸಾವಕಾರರು ನೋಡಿ ಗಾಡಿಯಲ್ಲಿ ಕರೆದುಕೊಂಡು ಬಂದರು ಎಂದಷ್ಟೇ ಅವನು ಹೇಳಿದ. ಅದು ಸುಳ್ಳಲ್ಲ. ಓಣಿ ಅದಕ್ಕೆ ತನ್ನ ಮಾತು ಸೇರಿಸಿಕೊಂಡಿತು: ದಾರಿ ತಪ್ಪಿದ ಹುಡುಗನಿಗೆ ಬುದ್ಧಿ ಹೇಳಿ ಮನೆ ಮುಟ್ಟಿಸಿದವನು ನಾನು. ಮೊನ್ನೆ ಅಮೀನಬಿ ಅಂಗಡಿಗೆ ಬಂದವರು ನಾಲ್ಕು ಗಿರಾಕಿಗಳ ಎದುರು, ಹಿರಿಯರು ಅಂದರೆ ಹೀಗಿರಬೇಕು ಎಂದರು. ಯುನೂಸ ಕಟ್ಟೆಯ ಮೇಲೆಯೇ ಇದ್ದ. ತಲೆಯೆತ್ತಿ ನನ್ನನ್ನು ನೋಡಿದ, ಮತ್ತೆ ಮೊಬೈಲ್ ನೋಡತೊಡಗಿದ. ನಾನು ಅಮೀನಬಿಗೆ ಹೊಸ ಸ್ಟಾಕಿನ ಸೀರೆ ತೋರಿಸಿದೆ.

ಆ ಬಂಡೆಯ ನೆರಳಿನಲ್ಲೂ ಗುಡೂರಿನ ಚಹಾದಂಗಡಿಯಲ್ಲೂ ನಾನು ಅವನಿಗೆ ಏನು ಹೇಳಿಕೊಟ್ಟೆ ಎಂಬುದನ್ನು ಅವನು ಈವರೆಗೆ ಯಾರಿಗೂ ಹೇಳಿಲ್ಲ. ಅದನ್ನು ಓಣಿಯವರ ಎದುರು ನಾನೇ ಬಾಯಿಬಿಟ್ಟು ಹೇಳುವುದು ಯುನೂಸನಿಗೆ ನಾನು ಕೊಡಬೇಕಾದದ್ದು. ಇನ್ನೂ ಕೊಟ್ಟಿಲ್ಲ.